ಸ್ಟ್ರಾಂಗ್ ಹೈಬ್ರಿಡ್ ಈಗಲೇ ತಗೊಳ್ಳೋದಾ, ಇವಿಗೆ ಕಾಯೋದಾ? ಬೆಂಗಳೂರು ಟ್ರಾಫಿಕ್, ಘಾಟಿ, ತೆರಿಗೆ ಎಲ್ಲ ಸೇರಿಸಿ ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕೊಟ್ಟು ಸ್ವಲ್ಪ ದೊಡ್ಡ ಕಾರು ತಗೊಳ್ಳೋಣ ಅಂತಿದ್ದೇನೆ. ಆನ್‌ರೋಡ್ 22–23 ಲಕ್ಷದವರೆಗೆ ಹೋಗಬಹುದು. ಕ್ಲಚ್ ಒತ್ತಿ ಒತ್ತಿ ಎಡ ಮೊಣಕಾಲು ಸೋತಿದೆ, ಹಾಗಾಗಿ ಆಟೋಮ್ಯಾಟಿಕ್ಕೇ ಬೇಕು.

ವಾರದ ದಿನಗಳಲ್ಲಿ ಹೆಬ್ಬಾಳದಿಂದ ಬೆಳ್ಳಂದೂರು. ಎರಡೂ ಹೊತ್ತು ರಿಂಗ್ ರೋಡಿನಲ್ಲಿ ಆಮೆ ನಡಿಗೆ. ಆಗಾಗ ತೀರ್ಥಹಳ್ಳಿಗೆ, ಅಲ್ಲಿಂದ ಆಗುಂಬೆ ಇಳಿದು ಮಾವನ ಮನೆಗೆ. ಒಟ್ಟು ತಿಂಗಳಿಗೆ 1,200 ಕಿ.ಮೀ. ಆಸುಪಾಸು.

ಇವಿ, ಅಂದರೆ ಬರೀ ಬ್ಯಾಟರಿಯಲ್ಲಿ ಓಡುವ ಎಲೆಕ್ಟ್ರಿಕ್ ಕಾರು, ಇಷ್ಟವೇ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಚಾರ್ಜರ್‌ಗೆ ಒಪ್ಪುತ್ತಿಲ್ಲ. ಟ್ರಾನ್ಸ್‌ಫಾರ್ಮರ್ ಲೋಡ್ ಸಾಲುವುದಿಲ್ಲ ಅಂತ ಪ್ರತಿ ಮೀಟಿಂಗಿನಲ್ಲೂ ಅದೇ ರಾಗ. ಶೋರೂಂನಲ್ಲಿ ಕೇಳಿದರೆ "ಸರ್, ಇದೂ ಹೈಬ್ರಿಡ್, ಅದೂ ಹೈಬ್ರಿಡ್" ಅಂತಾರೆ, ನಡುವೆ ಮೂರು ಲಕ್ಷ ವ್ಯತ್ಯಾಸ. ಆ ಮೂರು ಲಕ್ಷ ಯಾವತ್ತಾದರೂ ವಾಪಸ್ ಬರುತ್ತದಾ? ಬ್ಯಾಟರಿ ಹೋದರೆ ಗತಿ ಏನು? ಐದಾರು ವರ್ಷದ ಮೇಲೆ ಈ ಕಾರನ್ನು ಯಾರಾದರೂ ಕೇಳ್ತಾರಾ?

ಗೇರ್‌ಮೇಷ್ಟ್ರು, ದಾವಣಗೆರೆ

ಮೆಕ್ಯಾನಿಕಲ್ ಪಾಠ ಮಾಡುವವನು ನಾನು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಶೋರೂಂನವರು ಹೇಳುವ ಎರಡು ಹೈಬ್ರಿಡ್‌ಗಳ ಒಳಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಮೈಲ್ಡ್ ಹೈಬ್ರಿಡ್‌ನಲ್ಲಿ ಡೈನಮೋ ಇರುವ ಜಾಗದಲ್ಲಿ ಬೆಲ್ಟ್‌ನಿಂದ ತಿರುಗುವ ಒಂದು ಸಣ್ಣ ಮೋಟರ್ ಕೂರಿಸಿರುತ್ತಾರೆ. ಸಿಗ್ನಲ್‌ನಲ್ಲಿ ನಿಂತ ಎಂಜಿನ್ ಮತ್ತೆ ಸ್ಟಾರ್ಟ್ ಆಗುವಾಗ, ಪಿಕಪ್ ಎತ್ತುವಾಗ ಅದು ಕೈ ಕೊಡುತ್ತದೆ, ಸೈಕಲ್ ತುಳಿಯುವವನನ್ನು ಹಿಂದಿನಿಂದ ಯಾರೋ ತಳ್ಳಿದ ಹಾಗೆ. ಅದೊಂದರಿಂದಲೇ ಕಾರು ಓಡುವುದಿಲ್ಲ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಎಂಜಿನ್ ಆಫ್ ಆಗಿದ್ದರೂ ಮೋಟರ್ ಒಂದೇ ಕಾರನ್ನು ಓಡಿಸುತ್ತದೆ.

ಉದಾಹರಣೆಗೆ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್ ಮತ್ತು ಮಾರುತಿ ಗ್ರಾಂಡ್ ವಿಟಾರಾ ತಗೊಳ್ಳಿ. ಸ್ಟ್ರಾಂಗ್ ಮಾದರಿಯಲ್ಲಿ ಮೂರು ಸಿಲಿಂಡರಿನ 1.5 ಲೀಟರ್ ಎಂಜಿನ್, ಅದರ ಜೊತೆ ಎರಡು ಮೋಟರ್. ಮೂರನ್ನೂ ಕೂಡಿಸುವುದು ಒಂದು ಪ್ಲಾನೆಟರಿ ಗೇರ್ ಸೆಟ್. ನಡುವಿನ ಸನ್ ಗೇರ್‌ಗೆ ಒಂದು ಮೋಟರ್, ಹೊರಗಿನ ರಿಂಗ್ ಕಡೆಗೆ ಇನ್ನೊಂದು ಮೋಟರ್ ಮತ್ತು ಚಕ್ರ, ಮಧ್ಯದ ಪ್ಲಾನೆಟ್‌ಗಳನ್ನು ಹಿಡಿದಿರುವ ಕ್ಯಾರಿಯರ್‌ಗೆ ಎಂಜಿನ್. ಒಂದರ ವೇಗ ಬದಲಾಯಿಸಿದರೆ ಉಳಿದೆರಡರ ಅನುಪಾತ ತಾನಾಗಿ ಬದಲಾಗುತ್ತದೆ. ಆದ್ದರಿಂದ ಕ್ಲಚ್ ಪ್ಲೇಟ್ ಬೇಡ, ಸೆಲ್ಫ್ ಮೋಟರ್ ಬೇಡ, ಡೈನಮೋ ಬೇಡ. ಕೆಡುವ ಭಾಗ ಜಾಸ್ತಿ ಅಂತ ಹೆದರುವವರು ಇದನ್ನು ಗಮನಿಸಬೇಕು. ಎಷ್ಟೋ ಸವಕಲು ಭಾಗಗಳು ಇಲ್ಲಿ ಇಲ್ಲವೇ ಇಲ್ಲ.

ಮೈಲೇಜ್ ಬರುವುದು ಮೂರು ಕಡೆಯಿಂದ. ಬ್ರೇಕ್ ಹಿಡಿದಾಗ ಬಿಸಿಯಾಗಿ ಹಾಳಾಗುವ ಶಕ್ತಿ ಬ್ಯಾಟರಿಗೆ ಹೋಗುತ್ತದೆ. ನಿಂತಾಗ, ತೆವಳುವಾಗ ಎಂಜಿನ್ ಆಫ್. ಮೂರನೆಯದನ್ನು ಯಾರೂ ಹೇಳುವುದಿಲ್ಲ: ಎಂಜಿನ್ ಅಟ್ಕಿನ್ಸನ್ ಸೈಕಲ್‌ನದು. ಅಂದರೆ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಎಳೆತ ಕಡಿಮೆ, ಪೆಟ್ರೋಲ್ ಉಳಿತಾಯ ಜಾಸ್ತಿ. ಆ ಎಳೆತದ ಕೊರತೆಯನ್ನು ಮೋಟರ್ ತುಂಬುತ್ತದೆ.

ಹೋಂಡಾ ಸಿಟಿ ಹೈಬ್ರಿಡ್‌ನ ದಾರಿ ಬೇರೆ. ಅಲ್ಲಿ ಊರೊಳಗೆ ಎಂಜಿನ್ನಿನ ಕೆಲಸ ಬಹುಪಾಲು ಜನರೇಟರ್ ತಿರುಗಿಸುವುದು. ಹೈವೇ ವೇಗದಲ್ಲಿ ಮಾತ್ರ ಒಂದು ಕ್ಲಚ್ ಕೂಡಿಕೊಂಡು ಎಂಜಿನ್ ನೇರವಾಗಿ ಚಕ್ರ ತಿರುಗಿಸುತ್ತದೆ.

ಲೆಕ್ಕಾಚಾರಿ

ಮೇಷ್ಟ್ರ ಪಾಠ ಆಯ್ತು, ಈಗ ದುಡ್ಡಿನ ಮಾತು. ಪೆಟ್ರೋಲ್ ಲೀಟರ್‌ಗೆ 103 ರೂ. ಅಂತ ಇಟ್ಟುಕೊಳ್ಳೋಣ. ಕಂಪನಿ ಹೇಳುವ ಲೀಟರ್‌ಗೆ 27.97 ಕಿ.ಮೀ. ಬಿಡಿ, ಅದು ಪರೀಕ್ಷೆಯ ಅಂಕಿ. ಬೆಂಗಳೂರು ಟ್ರಾಫಿಕ್‌ನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ 20, ಮಾಮೂಲಿ ಪೆಟ್ರೋಲ್ ಆಟೋಮ್ಯಾಟಿಕ್‌ಗೆ 12 ಹಿಡಿಯೋಣ. ಕಿ.ಮೀ.ಗೆ 5.15 ರೂ. ಎದುರು 8.58 ರೂ. ಉಳಿಯುವುದು 3.43.

ಹೈವೇನಲ್ಲಿ ಹೈಬ್ರಿಡ್‌ಗೆ ಅದೇ 20, ಪೆಟ್ರೋಲ್‌ಗೆ 16. ಉಳಿಯುವುದು ಬರೀ 1.29.

ನಿಮ್ಮ 1,200ರಲ್ಲಿ ಸಾವಿರ ಊರೊಳಗೆ, ಇನ್ನೂರು ಹೈವೇ ಅಂದರೆ ತಿಂಗಳಿಗೆ ಸುಮಾರು 3,700 ರೂ. ಉಳಿತಾಯ. ಮೂರು ಲಕ್ಷ ವಾಪಸ್ ಬರೋಕೆ ಆರೂ ಮುಕ್ಕಾಲು ವರ್ಷ. ಬರೀ ಹೈವೇ ಓಡಿಸುವವರಿಗೆ ಅದೇ ಮೂರು ಲಕ್ಷ ಹುಟ್ಟೋಕೆ 2.3 ಲಕ್ಷ ಕಿ.ಮೀ. ಬೇಕು! ದಿನಾ ನೂರು ಕಿ.ಮೀ. ಟ್ರಾಫಿಕ್‌ನಲ್ಲಿ ಓಡಾಡುವವರಿಗೆ ಎರಡೂವರೆ ಮೂರು ವರ್ಷ ಸಾಕು.

ಅಂದರೆ ಉಳಿತಾಯ ಎಷ್ಟು ಅನ್ನೋದು ನೀವು ಎಷ್ಟು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ತೀರಿ ಅನ್ನೋದರ ಮೇಲೆ. ಸಿಲ್ಕ್ ಬೋರ್ಡ್ ಮೊದಲ ಸಲ ಯಾರಿಗಾದರೂ ದುಡ್ಡು ಉಳಿಸುತ್ತಿದೆ ನೋಡಿ.

ಸೌಮ್ಯ_ಮೈಸೂರು

ಲೆಕ್ಕಾಚಾರಿ ಸರ್, ಇವಿ ಲೆಕ್ಕ ಯಾಕೆ ಬಿಟ್ಟಿರಿ? ನಾನು ಇವಿ ಓಡಿಸುವವಳು. ಒಂದು ಯೂನಿಟ್‌ಗೆ ಸರಾಸರಿ 7 ಕಿ.ಮೀ. ಮನೆ ಕರೆಂಟ್ ಯೂನಿಟ್‌ಗೆ ಸುಮಾರು 6 ರೂ. ಅಂದರೆ ಕಿ.ಮೀ.ಗೆ ಒಂದು ರೂಪಾಯಿಯೂ ಇಲ್ಲ. 1,200 ಕಿ.ಮೀ.ಗೆ ಹೈಬ್ರಿಡ್ ಆರು ಸಾವಿರ ಕುಡಿದರೆ ನನ್ನದು ಸಾವಿರ ಚಿಲ್ಲರೆ. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲೇ ಹಾಕಿಸಿದರೂ, ಯೂನಿಟ್‌ಗೆ 20 ರೂ. ಕೊಟ್ಟರೂ, ಮೂರು ರೂಪಾಯಿ ಆಸುಪಾಸು. ಆಗಲೂ ಹೈಬ್ರಿಡ್‌ಗಿಂತ ಕಡಿಮೆ.

ಒಂದು ಎಚ್ಚರಿಕೆ. ಗೃಹಜ್ಯೋತಿ ಇರುವ ಮನೆಯವರು ಮೊದಲೇ ನೋಡಿಕೊಳ್ಳಿ. ಕಾರು ಚಾರ್ಜ್ ಮಾಡೋಕೆ ಶುರು ಮಾಡಿದ ತಿಂಗಳೇ 200 ಯೂನಿಟ್ ದಾಟುತ್ತದೆ, ಪೂರ್ತಿ ಬಿಲ್ ನಿಮ್ಮದೇ. ನಮ್ಮ ಯಜಮಾನರಿಗೆ ಅದೊಂದೇ ದುಃಖ.

ನನ್ನ ತಕರಾರು ಇಷ್ಟೇ. ಹೈಬ್ರಿಡ್ ಎಷ್ಟೇ ಜಾಣ ಆದರೂ ಕೊನೆಗೆ ಬಂಕ್ ಮುಂದೆ ಕ್ಯೂ ನಿಲ್ಲುವ ಕಾರೇ. ಅದಕ್ಕೆ ಕರೆಂಟ್ ಬರುವುದು ಹೊರಗಿನಿಂದಲ್ಲ, ಅದೇ ಪೆಟ್ರೋಲ್‌ನಿಂದ.

ತುಂಗಾತೀರ

ಮೇಡಂ, ಸ್ವಂತ ಮನೆ, ಸ್ವಂತ ಮೀಟರ್ ಇದ್ದಿದ್ದರೆ ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ರಾತ್ರಿ ಹತ್ತಕ್ಕೆ ಮಾಲ್‌ನಲ್ಲಿ ಚಾರ್ಜರ್ ಖಾಲಿ ಇದೆಯಾ ಅಂತ ಆ್ಯಪ್ ನೋಡಿಕೊಂಡು ಅಲೆಯುವ ವಯಸ್ಸು ನನ್ನದಲ್ಲ.

ಏರ್‌ಪೋರ್ಟ್_ಡ್ಯೂಟಿ

ಟ್ಯಾಕ್ಸಿ ಲೈನ್‌ನಲ್ಲಿ ಇರೋನು ನಾನು. ಟೊಯೋಟಾ ಇನ್ನೋವಾದಲ್ಲೇ ಕ್ರಿಸ್ಟಾ ಡೀಸೆಲ್ ಒಂದು, ಹೈಕ್ರಾಸ್ ಹೈಬ್ರಿಡ್ ಒಂದು, ಎರಡೂ ನಮ್ಮ ಹತ್ತಿರ ಓಡ್ತಿವೆ. ಕ್ರಿಸ್ಟಾ 12–13 ಕೊಡುತ್ತೆ. ಹೈಕ್ರಾಸ್ ಎಸಿ ಹಾಕಿಕೊಂಡು ಆರು ಜನ ಕೂತರೆ 15–16. ಡೀಸೆಲ್ 91, ಪೆಟ್ರೋಲ್ 103 ಅಂದರೆ ಕಿ.ಮೀ.ಗೆ ಉಳಿಯೋದು ಮುಕ್ಕಾಲು ರೂಪಾಯಿಯೂ ಇಲ್ಲ. ಗಾಡಿ ರೇಟು ಆರೇಳು ಲಕ್ಷ ಜಾಸ್ತಿ. ಹಾಗಾಗಿ ಲಾಂಗ್ ಟ್ರಿಪ್‌ಗೆ ಇವತ್ತಿಗೂ ನನ್ನ ಓಟು ಕ್ರಿಸ್ಟಾಗೇ.

ಆದರೆ ಡ್ರೈವರ್‌ಗಳನ್ನು ಕೇಳಿ. ಒಂದು ಸಲ ಹೈಕ್ರಾಸ್ ಓಡಿಸಿದ ಹುಡುಗ ಕ್ರಿಸ್ಟಾ ಕೀ ಕೊಟ್ಟರೆ ಮುಖ ಸಿಂಡರಿಸ್ತಾನೆ. ಸದ್ದಿಲ್ಲ, ನಡುಕವಿಲ್ಲ, ಕಾಲು ನೋವಿಲ್ಲ. ಏರ್‌ಪೋರ್ಟ್‌ನಲ್ಲಿ ಕಸ್ಟಮರ್‌ಗೆ ಕಾಯುವಾಗ ಎಸಿ ಹಾಕಿಕೊಂಡು ಕೂತರೂ ಎಂಜಿನ್ ಬಹಳ ಹೊತ್ತು ಆಫ್ ಆಗೇ ಇರುತ್ತೆ, ಬ್ಯಾಟರಿ ಇಳಿದಾಗ ಮಾತ್ರ ಸ್ವಲ್ಪ ಹೊತ್ತು ಎದ್ದು ಮತ್ತೆ ಮಲಗುತ್ತೆ. ಅಲ್ಲಿ ಉಳಿಯುವ ಪೆಟ್ರೋಲ್ ಯಾರ ಮೈಲೇಜ್ ಲೆಕ್ಕದಲ್ಲೂ ಬರೋದಿಲ್ಲ.

ಘಾಟಿಯಲ್ಲಿ ಲೋಡ್ ಹಾಕಿ ಹತ್ತಿಸೋದಾದರೆ ಹಿಂದಿನ ಚಕ್ರದ ಗಾಡಿ ಬೇಕು ಅನ್ನೋರು ನಮ್ಮಲ್ಲಿ ಜಾಸ್ತಿ. ಹೈಕ್ರಾಸ್ ಮುಂದಿನ ಚಕ್ರದ್ದು.

ಆಗುಂಬೆ_ಮಳೆ

ಘಾಟಿ ಅಂದದ್ದಕ್ಕೆ ಬಂದೆ. ತುಂಗಾತೀರ ಅವರೇ, ನೀವು ಇಳಿಯುವ ಘಾಟಿಯಲ್ಲೇ ನಾನು ಹೈಬ್ರಿಡ್ ಓಡಿಸುವುದು. ಹತ್ತುವಾಗ ತೊಂದರೆ ಏನಿಲ್ಲ, ಆದರೆ ಬ್ಯಾಟರಿ ಬೇಗ ಇಳಿದುಹೋಗಿ ಎಂಜಿನ್ ಒಂದೇ ಸಮ ಕಿರುಚುತ್ತದೆ. ಮೂರು ಸಿಲಿಂಡರಿನ ಸದ್ದು, ಕಿವಿಗೆ ಹಿತ ಅಲ್ಲ.

ಇಳಿಯುವಾಗ ಮಜಾ ಇದೆ. ನಾಲ್ಕೈದು ತಿರುವು ಮುಗಿಯುವುದರೊಳಗೆ ಬ್ಯಾಟರಿ ಫುಲ್. ಆಮೇಲೆ ಬ್ರೇಕ್ ಒತ್ತದೇ ಇದ್ದರೂ ಎಂಜಿನ್ ಜೋರಾಗಿ ತಿರುಗೋಕೆ ಶುರುವಾಗುತ್ತದೆ. ನನ್ನ ಹೆಂಡತಿ ಮೊದಲ ಸಲ ಏನೋ ಕೆಟ್ಟಿತು ಅಂತ ಗಾಬರಿ ಬಿದ್ದಳು. ಇದು ಯಾಕೆ ಮೇಷ್ಟ್ರೇ?

ಗೇರ್‌ಮೇಷ್ಟ್ರು, ದಾವಣಗೆರೆ

ಕೆಟ್ಟಿಲ್ಲ, ಅದು ಎಂಜಿನ್ ಬ್ರೇಕಿಂಗ್. ಲೆಕ್ಕ ನೋಡಿ. ಕಾರು, ಜನ, ಲಗೇಜು ಸೇರಿ 1,600 ಕೆಜಿ. ಘಾಟಿಯಲ್ಲಿ ಸುಮಾರು 500 ಮೀಟರ್ ಕೆಳಗೆ ಇಳಿಯುತ್ತೀರಿ. ಆ ಎತ್ತರದಲ್ಲಿ ಅಡಗಿರುವ ಶಕ್ತಿ ಹೆಚ್ಚೂಕಮ್ಮಿ 2.2 ಯೂನಿಟ್. ಈ ಕಾರಿನ ಬ್ಯಾಟರಿ ಇಡೀ 0.76 ಯೂನಿಟ್, ಅದರಲ್ಲೂ ಆಯಸ್ಸು ಉಳಿಸಲು ಮಧ್ಯದ ಭಾಗವನ್ನಷ್ಟೇ ಬಳಸುತ್ತಾರೆ. ಗಾಳಿ, ಟೈರಿನ ಘರ್ಷಣೆಗೆ ಒಂದಿಷ್ಟು ಹೋದರೂ ಬ್ಯಾಟರಿಯಲ್ಲಿ ಜಾಗ ಸಾಲುವುದಿಲ್ಲ. ಹೆಚ್ಚಾದದ್ದನ್ನು ಎಲ್ಲಾದರೂ ಚೆಲ್ಲಬೇಕಲ್ಲ? ಪೆಟ್ರೋಲ್ ಹಾಕದೆ ಎಂಜಿನ್ನನ್ನು ಸುಮ್ಮನೆ ತಿರುಗಿಸಿ ಚೆಲ್ಲುತ್ತದೆ.

ಗೇರ್ ಲಿವರ್‌ನಲ್ಲಿ 'ಬಿ' ಅಂತ ಇದೆಯಲ್ಲ, ಘಾಟಿ ಇಳಿಯುವಾಗ ಅದರಲ್ಲಿ ಹಾಕಿ. ಬ್ರೇಕ್ ಪ್ಯಾಡ್ ಬಿಸಿಯಾಗುವುದಿಲ್ಲ. ಊರೊಳಗೆ ಮಾತ್ರ 'ಬಿ' ಬೇಡ, ಲಾಭವಿಲ್ಲ.

ನಲವತ್ತು ಯೂನಿಟ್ ಬ್ಯಾಟರಿಯ ಇವಿ ಆ 2.2ನ್ನು ಬಹುಪಾಲು ನುಂಗಿಕೊಳ್ಳುತ್ತದೆ. ಅಲ್ಲಿ ಸೌಮ್ಯ ಮೇಡಂ ಗೆದ್ದರು.

ಹಳೇಪದ್ಮಿನಿ

ಇದೆಲ್ಲ ಹೊಸದು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಟೊಯೋಟಾ ಪ್ರಿಯಸ್ ಜಪಾನಿನಲ್ಲಿ ಬಂದದ್ದು 1997ರ ಡಿಸೆಂಬರ್‌ನಲ್ಲಿ. ನಮ್ಮಲ್ಲಿ 2008ರಲ್ಲೇ ಹೋಂಡಾ ಸಿವಿಕ್ ಹೈಬ್ರಿಡ್ ತಂದಿತ್ತು. ಪೂರ್ತಿ ಆಮದು, 21 ಲಕ್ಷದ ಮೇಲೆ. ಆ ಕಾಲಕ್ಕೆ ಆ ದುಡ್ಡಿಗೆ ಯಾರು ಮುಟ್ಟುತ್ತಾರೆ? ಆಮೇಲೆ ಲಕ್ಷಗಟ್ಟಲೆ ಇಳಿಸಿ ಮಾರಿದರು. 2010ರಲ್ಲಿ ಪ್ರಿಯಸ್ ಬಂತು, ಅದಕ್ಕೂ ಅದೇ ಗತಿ. 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಬಿಡದಿಯಲ್ಲೇ ಜೋಡಣೆ ಶುರುವಾಯಿತು, ಆದರೆ ಅದು ಸಾಹುಕಾರರ ಕಾರು.

2015ರಲ್ಲಿ ಇವಿ, ಹೈಬ್ರಿಡ್‌ಗೆ ಸಬ್ಸಿಡಿ ಕೊಡುವ ಕೇಂದ್ರದ ಫೇಮ್ ಯೋಜನೆ ಬಂದಾಗ ಮಾರುತಿಯ ಸಿಯಾಜ್, ಎರ್ಟಿಗಾದ ಮೈಲ್ಡ್ ಹೈಬ್ರಿಡ್ ಡೀಸೆಲ್‌ಗೂ ಸಬ್ಸಿಡಿ ಸಿಕ್ಕಿತು. 2017ರಲ್ಲಿ ಅದನ್ನು ಕಿತ್ತುಕೊಂಡರು. ಅದೇ ವರ್ಷ ಜಿಎಸ್‌ಟಿ ಬಂದು ಹೈಬ್ರಿಡ್ ಮೇಲೆ ಸೆಸ್ ಸೇರಿ 43% ತೆರಿಗೆ ಬಿತ್ತು. ಐದು ವರ್ಷ ಯಾರೂ ಮಾತಾಡಲಿಲ್ಲ.

ಆಟ ಬದಲಾದದ್ದು 2022ರಲ್ಲಿ. ಮೇ ತಿಂಗಳಲ್ಲಿ ಹೋಂಡಾ ಸಿಟಿ ಹೈಬ್ರಿಡ್, ಸೆಪ್ಟೆಂಬರ್‌ನಲ್ಲಿ ಹೈರೈಡರ್ ಮತ್ತು ಗ್ರಾಂಡ್ ವಿಟಾರಾ, ವರ್ಷದ ಕೊನೆಗೆ ಹೈಕ್ರಾಸ್. ಇಲ್ಲೇ ತಯಾರಾಗಿ ಮಧ್ಯಮ ವರ್ಗ ಕೈ ಚಾಚಬಹುದಾದ ಬೆಲೆಗೆ ಬಂದದ್ದು ಆಗಲೇ. ಡೀಸೆಲ್ ಸಣ್ಣ ಕಾರುಗಳಿಂದ ಮಾಯವಾಗುತ್ತಿದ್ದ ಹೊತ್ತೂ ಅದೇ. ಮಾರುತಿ 2020ರಲ್ಲೇ ಡೀಸೆಲ್ ನಿಲ್ಲಿಸಿತ್ತು. ಮೈಲೇಜ್ ಬೇಕು ಅನ್ನುವ ಡೀಸೆಲ್ ಗಿರಾಕಿಗೆ ಇನ್ನೊಂದು ಬಾಗಿಲು ಬೇಕಿತ್ತು. ಹೈಬ್ರಿಡ್ ಜನಪ್ರಿಯ ಆಗಿದ್ದಕ್ಕೆ ಪರಿಸರ ಪ್ರೇಮಕ್ಕಿಂತ ಇದು ದೊಡ್ಡ ಕಾರಣ ಅಂತ ನನ್ನ ಅನಿಸಿಕೆ.

ಲೆಕ್ಕಾಚಾರಿ

ಪದ್ಮಿನಿ ಸರ್ ತೆರಿಗೆ ಬಾಗಿಲು ತೆರೆದರು, ಒಳಗೆ ಹೋಗೋಣ.

2025ರ ಸೆಪ್ಟೆಂಬರ್ 21ರವರೆಗೆ 1.5 ಲೀಟರ್ ಒಳಗಿನ, ನಾಲ್ಕು ಮೀಟರ್ ದಾಟಿದ ಮಾಮೂಲಿ ಪೆಟ್ರೋಲ್ ಕಾರಿಗೆ 45%, ಅದೇ ಅಳತೆಯ ಸ್ಟ್ರಾಂಗ್ ಹೈಬ್ರಿಡ್‌ಗೆ 43%. ದೊಡ್ಡ ಎಸ್‌ಯುವಿಗೆ 50%. ಕಡಿಮೆಯಾದರೂ ಒಂದು ರಿಯಾಯಿತಿ ಇತ್ತು. ಈಗ ಸೆಸ್ ಹೋಗಿ ಈ ಮೂರಕ್ಕೂ 40%. ಮೈಲೇಜ್ 12 ಕೊಡುವ ಎಸ್‌ಯುವಿಗೂ 40, 20 ಕೊಡುವ ಹೈಬ್ರಿಡ್‌ಗೂ 40. ಇವಿಗೆ 5. ನಡುವೆ ಒಂದು ಮೆಟ್ಟಿಲೂ ಇಲ್ಲ!

ರಾಜ್ಯದ ತೆರಿಗೆ ಇನ್ನೊಂದು ಕಥೆ. ಉತ್ತರ ಪ್ರದೇಶ 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಪೂರ್ತಿ ಮನ್ನಾ ಮಾಡಿತು. ಲಖನೌದಲ್ಲಿ ಕೂತವರು ಬಿಡದಿಯ ಕಾರನ್ನು ನಮಗಿಂತ ಅಗ್ಗಕ್ಕೆ ಓಡಿಸಿದರು. ಕಾರು ತಯಾರಾಗುವ ಊರಿಂದ ನಲವತ್ತು ಕಿ.ಮೀ. ದೂರದಲ್ಲಿರುವ ನಾವು 10ರಿಂದ 20 ಲಕ್ಷದ ಕಾರಿಗೆ 17%, ಅದಕ್ಕಿಂತ ಮೇಲಾದರೆ 18% ಜೀವಾವಧಿ ತೆರಿಗೆ ಕಟ್ಟುತ್ತೇವೆ. ಅದರ ಮೇಲೆ ಸೆಸ್ ಬೇರೆ.

ಸೌಮ್ಯ_ಮೈಸೂರು

ಹೈಬ್ರಿಡ್‌ಗೂ ತೆರಿಗೆ ರಿಯಾಯಿತಿ ಕೊಟ್ಟರೆ ಇವಿಗೆ ಕೊಡುವುದು ಯಾಕೆ? ಸರ್ಕಾರದ ದುಡ್ಡು ಸೀಮಿತ. ಪೆಟ್ರೋಲ್ ಪೂರ್ತಿ ಬಿಡಿಸುವ ಕಾರಿಗೆ ಹೋಗಲಿ ಅನ್ನುವುದರಲ್ಲಿ ತಪ್ಪೇನಿದೆ?

ಲೆಕ್ಕಾಚಾರಿ

ತಪ್ಪಿಲ್ಲ. ಆದರೆ ಇವತ್ತಿನ ಹೊಗೆ ಲೆಕ್ಕವನ್ನೂ ನೋಡಿ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್. ಲೀಟರ್‌ಗೆ 20 ಕೊಡುವ ಹೈಬ್ರಿಡ್ ಅಂದರೆ ಕಿ.ಮೀ.ಗೆ 115 ಗ್ರಾಂ. ದೇಶದ ಕರೆಂಟಿನ ಸರಾಸರಿ ಯೂನಿಟ್‌ಗೆ 0.7 ಕೆಜಿ ಚಿಲ್ಲರೆ, 7 ಕಿ.ಮೀ.ಗೆ ಹಂಚಿದರೆ ಇವಿ 100 ಗ್ರಾಂ. ಪೆಟ್ರೋಲ್ ಶುದ್ಧ ಮಾಡಿ ಸಾಗಿಸುವ ಖರ್ಚು ಒಂದು ಕಡೆ, ತಂತಿಯಲ್ಲಿ ಸೋರುವ ಕರೆಂಟ್ ಇನ್ನೊಂದು ಕಡೆ. ಒಟ್ಟಿನಲ್ಲಿ ಭಾರೀ ಅಂತರ ಏನಿಲ್ಲ.

ಸೌಮ್ಯ_ಮೈಸೂರು

ಇವತ್ತಿನ ಲೆಕ್ಕ ಸರಿ. ಆದರೆ ಕಾರು ಹದಿನೈದು ವರ್ಷ ಓಡುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಶರಾವತಿ ಇದೆ, ಚಿತ್ರದುರ್ಗ, ಗದಗದ ಗಾಳಿಯಂತ್ರಗಳಿವೆ. ಗ್ರಿಡ್ ವರ್ಷ ವರ್ಷ ಶುದ್ಧವಾಗುತ್ತಾ ಹೋಗುತ್ತದೆ, ಅದರ ಜೊತೆ ನನ್ನ ಹಳೇ ಕಾರೂ. ನಿಮ್ಮ ಎಂಜಿನ್ ಹದಿನೈದನೇ ವರ್ಷವೂ ಅಷ್ಟೇ ಹೊಗೆ ಬಿಡುತ್ತದೆ.

ಗೋಕಾಕ್_ಕಬ್ಬು

ಎಥೆನಾಲ್ ಮರೆತ್ರೇನ್ರೀ ಎಲ್ಲಾರೂ? ಈಗ ಬಂಕಿನಲ್ಲಿ ಸಿಗೋದು ಇ20, ಅಂದ್ರ ನೂರಕ್ಕ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲ್. ಹೈಬ್ರಿಡ್ ಇದ್ರೂ ಅದನ್ನ ಕುಡೀಬೇಕು. 2023ರ ಆಗಸ್ಟ್‌ನಲ್ಲಿ ಗಡ್ಕರಿ ಸಾಹೇಬರು ಎಥೆನಾಲ್ ಮೇಲೆ ಓಡೋ ಹೈಕ್ರಾಸ್ ಹೈಬ್ರಿಡ್ ಮಾದರಿ ತೋರಿಸಿದ್ರು. ಅದು ಬಂದ್ರೆ ನಮ್ಮ ಕಬ್ಬಿಗೆ ಬೆಲೆ ಬರತೈತಿ ಅಂತ ಹೇಳಿದೋರೇ ಎಲ್ಲಾರೂ.

ನಾ ಕಬ್ಬು ಬೆಳೆಯಾಂವ. ನನ್ನ ಅನುಭವ ಹೇಳ್ತೀನಿ. ಕಾರ್ಖಾನೆಗೆ ಎಥೆನಾಲ್ ಲಾಭ ಬಂದ್ರೂ ನಮ್ಮ ಟನ್ನಿನ ರೇಟ್ ಕಟ್ಟೋದು ಸಕ್ಕರೆ ಇಳುವರಿ ಮ್ಯಾಲೆ. 2023ರ ಡಿಸೆಂಬರ್‌ನಲ್ಲಿ ಮಳಿ ಇಲ್ಲ, ಸಕ್ಕರೆ ಕಮ್ಮಿ ಆಗತೈತಿ ಅಂತ ಕೇಂದ್ರದವರು ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡೋದಕ್ಕೇ ತಡೆ ಹಾಕಿದ್ರು. ಕಾರಿನ ಭವಿಷ್ಯ ಮುಂಗಾರಿನ ಮ್ಯಾಲೆ ನಿಂತಂಗಾತು. ಈಗ ಮೆಕ್ಕೆಜೋಳದ ಎಥೆನಾಲೇ ಜಾಸ್ತಿ. ಹಾವೇರಿ, ದಾವಣಗೆರಿ ರೈತರನ್ನ ಕೇಳ್ರಿ, ಅವರ ರೇಟಿನ ಕಥಿ ಬ್ಯಾರೇನೇ ಐತಿ.

ಗೇರ್‌ಮೇಷ್ಟ್ರು, ದಾವಣಗೆರೆ

ಗೋಕಾಕಿನ ಗೌಡ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಥೆನಾಲ್‌ನಲ್ಲಿ ಪೆಟ್ರೋಲ್‌ನ ಮೂರರಲ್ಲಿ ಎರಡು ಪಾಲು ಶಕ್ತಿ ಮಾತ್ರ. ಹಾಗಾಗಿ ಇ20ರಲ್ಲಿ ಲೆಕ್ಕದ ಪ್ರಕಾರ 6–7% ಮೈಲೇಜ್ ಇಳಿಯಬೇಕು. ಪೂರ್ತಿ ಎಥೆನಾಲ್ ಕಾರು ಅಂದರೆ ಮೂರನೇ ಒಂದು ಪಾಲು ಹೋಯಿತು. ಹೈಬ್ರಿಡ್ ಜೊತೆ ಕೂಡಿಸುವುದು ಅದಕ್ಕೇ, ಒಂದರ ಕೊರತೆಯನ್ನು ಇನ್ನೊಂದು ಮುಚ್ಚುತ್ತದೆ. ಬಂಕಿನಲ್ಲಿ ರೇಟ್ ಕಡಿಮೆ ಇಡದಿದ್ದರೆ ಜನ ಯಾಕೆ ಹಾಕಿಸುತ್ತಾರೆ ಅನ್ನುವುದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ.

ಜಯನಗರ_ರಾಯರು

ಮೈಲೇಜ್ ಪುರಾಣದ ನಡುವೆ ಒಂದು ಸಣ್ಣ ವಿಷಯ. ಹೈಬ್ರಿಡ್ ತಗೊಳ್ಳುವವರು ದೊಡ್ಡ ಬ್ಯಾಟರಿಗೆ ಹೆದರುತ್ತಾರೆ. ನನಗೆ ಕೈಕೊಟ್ಟದ್ದು ಚಿಕ್ಕ ಬ್ಯಾಟರಿ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿ ಬಂದರೆ ಕಾರಿನ ಬಾಗಿಲೂ ತೆಗೆಯಲಿಲ್ಲ. ಕೀ ಒತ್ತಿದರೆ ಜೀವವೇ ಇಲ್ಲ. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ "ಸರ್, ಹೈಬ್ರಿಡ್ ಬ್ಯಾಟರಿ ಹೋಗಿರಬಹುದು, ಟೋ ಮಾಡಿಸಿ" ಅಂದ. ನನಗೆ ಬಿಪಿ ಏರಿತು.

ಆಮೇಲೆ ಪಕ್ಕದ ಮನೆ ಹುಡುಗ ಬಂದ. ಕೀ ಒಳಗೇ ಅಡಗಿರುವ ಕಬ್ಬಿಣದ ಕೀ ತೆಗೆದು ಬಾಗಿಲು ತೆರೆದ, ಮಾಮೂಲಿ ಕೇಬಲ್ ಹಾಕಿ ಜಂಪ್ ಕೊಟ್ಟ. ಎದ್ದು ಕೂತಿತು. ಕೆಟ್ಟದ್ದು ಬರೀ 12 ವೋಲ್ಟ್ ಬ್ಯಾಟರಿ. ಎಂಜಿನ್ ಎಬ್ಬಿಸುವ ಕೆಲಸ ಅದರದಲ್ಲ, ಕಂಪ್ಯೂಟರ್‌ಗಳನ್ನು ಎಬ್ಬಿಸಿದರೆ ಸಾಕು, ಉಳಿದದ್ದನ್ನು ದೊಡ್ಡ ಬ್ಯಾಟರಿ ನೋಡಿಕೊಳ್ಳುತ್ತದೆ. ವಾರಗಟ್ಟಲೆ ನಿಲ್ಲಿಸುವುದಾದರೆ ಯಾರಿಗಾದರೂ ಹೇಳಿ ನಡುವೆ ಒಮ್ಮೆ 'ರೆಡಿ' ಮಾಡಿ ಅರ್ಧ ಗಂಟೆ ಬಿಡಿಸಿ. ಮತ್ತೆ, ನಿಮ್ಮ ಹೈಬ್ರಿಡ್‌ನಿಂದ ಬೇರೆ ಕಾರಿಗೆ ಜಂಪ್ ಕೊಡೋಕೆ ಹೋಗಬೇಡಿ. ಮ್ಯಾನ್ಯುಯಲ್‌ನಲ್ಲೇ ಬೇಡ ಅಂತಾರೆ.

ಬೆಳ್ಳಂದೂರು_ಬೋಟ್

ನಮ್ಮ ಕಡೆ ಮಳೆ ಬಂದರೆ ರಸ್ತೆ ಯಾವುದು ಕೆರೆ ಯಾವುದು ಗೊತ್ತಾಗಲ್ಲ. 2022ರ ಸೆಪ್ಟೆಂಬರ್ ನೆನಪಿದೆಯಲ್ವಾ? ನೀರಲ್ಲಿ ಹೈಬ್ರಿಡ್ ಹೋಗಬಹುದಾ? ಮೋಟರ್ ಮೇಲೆ ಓಡಿಸಿಕೊಂಡು ದಾಟಿಬಿಡಬಹುದು ಅಂತ ಆಫೀಸಲ್ಲಿ ಒಬ್ಬರು ಹೇಳ್ತಿದ್ರು.

ಗೇರ್‌ಮೇಷ್ಟ್ರು, ದಾವಣಗೆರೆ

ಅವರ ಮಾತು ಕೇಳಬೇಡಿ! ಎಂಜಿನ್ ಯಾವಾಗ ಏಳಬೇಕು ಅಂತ ತೀರ್ಮಾನ ಮಾಡುವುದು ಕಾರು, ನೀವಲ್ಲ. ನೀರಿನ ಮಧ್ಯೆ ಬ್ಯಾಟರಿ ಇಳಿಯಿತು ಅಂದರೆ ತಾನಾಗಿ ಸ್ಟಾರ್ಟ್ ಆಗುತ್ತದೆ. ಇನ್‌ಟೇಕ್‌ನಲ್ಲಿ ನೀರು ಎಳೆದರೆ ಕನೆಕ್ಟಿಂಗ್ ರಾಡ್ ಬಗ್ಗಿ ಎಂಜಿನ್ ಕಥೆ ಮುಗಿಯಿತು. ಶಾಕ್ ಹೊಡೆಯುತ್ತದೆ ಅನ್ನುವ ಭಯ ಬೇಡ, ಹೈ ವೋಲ್ಟೇಜ್ ಭಾಗ ಪೂರ್ತಿ ಬೇರೆಯಾಗಿ ಮುಚ್ಚಿರುತ್ತದೆ, ಸೋರಿಕೆ ಕಂಡರೆ ರಿಲೇ ತಾನೇ ಕಡಿದುಹಾಕುತ್ತದೆ. ಆದರೆ ಮುಳುಗಿ ಎದ್ದ ಕಾರನ್ನು ಸ್ಟಾರ್ಟ್ ಮಾಡಲು ಹೋಗಬೇಡಿ, ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ. ಇನ್ಶೂರೆನ್ಸ್ ಮಾಡಿಸುವಾಗ ಎಂಜಿನ್ ಪ್ರೊಟೆಕ್ಟ್ ಹಾಕಿಸಿ. ಅದರಲ್ಲಿ ಹೈಬ್ರಿಡ್ ಬ್ಯಾಟರಿ ಬರುತ್ತದಾ ಅಂತ ಬರವಣಿಗೆಯಲ್ಲೇ ಕೇಳಿ.

ಸನಿವೇಲ್_ಸಾವಿತ್ರಿ

ಅಮೆರಿಕದಿಂದ ಒಂದು ಮಾತು. ಇಲ್ಲಿ ನಮ್ಮವರ ಮನೆ ಮುಂದೆ ಒಂದು ಕಾಲದಲ್ಲಿ ಪ್ರಿಯಸ್ಸೇ ಪ್ರಿಯಸ್ಸು. ಆಮೇಲೆ ಎಲ್ಲರೂ ಇವಿಗೆ ಜಿಗಿದರು. ಈಗ ಮತ್ತೆ ಹೈಬ್ರಿಡ್ ಕಡೆ ತಿರುಗಿದವರೂ ಇದ್ದಾರೆ. 2025ರ ಮಾದರಿಯಿಂದ ಕ್ಯಾಮ್ರಿ ಇಲ್ಲಿ ಹೈಬ್ರಿಡ್ ಆಗಿ ಮಾತ್ರ ಸಿಗುತ್ತೆ, ಬರೀ ಪೆಟ್ರೋಲ್ ಕ್ಯಾಮ್ರಿ ಬೇಕು ಅಂದರೂ ಇಲ್ಲ. ಇವಿಗೆ ಕೊಡುತ್ತಿದ್ದ 7,500 ಡಾಲರ್ ಕೇಂದ್ರದ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ನಿಂತುಹೋಯಿತು.

ಹಳೇ ಪ್ರಿಯಸ್‌ಗಳ ದೊಡ್ಡ ಶತ್ರು ಬ್ಯಾಟರಿ ಅಲ್ಲ, ಕಳ್ಳರು! ಹೈಬ್ರಿಡ್‌ನ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್‌ನಲ್ಲಿ ಬೆಲೆಬಾಳುವ ಲೋಹ ಇರುತ್ತೆ ಅಂತ ರಾತ್ರಿ ಕಾರಿನ ಕೆಳಗೆ ನುಗ್ಗಿ ಕತ್ತರಿಸಿಕೊಂಡು ಹೋಗ್ತಾರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟ್ರ್ಯಾಕ್ಟರ್ ಸದ್ದು.

ಕಾದುನೋಡೋಣ_ಹುಬ್ಬಳ್ಳಿ

ನಾನಂತೂ ಕಾಯ್ತೀನಿ ರೀ. ಹ್ಯುಂಡೈ 2030ರ ಹೊತ್ತಿಗೆ 8 ಹೈಬ್ರಿಡ್ ತರ್ತೀವಿ ಅಂತ ಹೇಳಿದೆ. ಮಾರುತಿ ವಿಕ್ಟೋರಿಸ್ 2025ರಲ್ಲೇ ಬಂತು, ಹೈಬ್ರಿಡ್‌ಗೆ 28.65 ಮೈಲೇಜ್ ಅಂತಾರೆ. ಪೈಪೋಟಿ ಬಂದ್ಮೇಲೆ ರೇಟ್ ಇಳಿಯಲೇಬೇಕು, ಅಲ್ವಾ?

ಹಳೇಪದ್ಮಿನಿ

ಇಳಿಯಬಹುದು, ಆದರೆ ಕಂಪನಿಗಳು ಧಾವಿಸುತ್ತಿರುವುದು ನಿಮ್ಮ ಮೇಲಿನ ಪ್ರೀತಿಯಿಂದ ಅಲ್ಲ. ಕೆಫೆ ನಿಯಮ ಅಂತ ಒಂದಿದೆ. ಕಂಪನಿ ಮಾರಿದ ಎಲ್ಲ ಕಾರುಗಳ ಹೊಗೆಯ ಸರಾಸರಿ ಒಂದು ಮಿತಿಯೊಳಗೆ ಇರಬೇಕು. 2027ರ ಏಪ್ರಿಲ್‌ನಿಂದ ಮಿತಿ ಇನ್ನೂ ಬಿಗಿಯಾಗಬೇಕು. ಈಗಿನ ಲೆಕ್ಕದಲ್ಲಿ ಒಂದು ಇವಿ ಮಾರಿದರೆ ಮೂರು ಕಾರು ಅಂತ, ಒಂದು ಸ್ಟ್ರಾಂಗ್ ಹೈಬ್ರಿಡ್ ಮಾರಿದರೆ ಎರಡು ಅಂತ ಎಣಿಸುತ್ತಾರೆ. ದೊಡ್ಡ ಎಸ್‌ಯುವಿ ಮಾರಿಕೊಂಡು ಬದುಕಬೇಕಾದರೆ ಪಕ್ಕದಲ್ಲಿ ಹೈಬ್ರಿಡ್ಡೋ ಇವಿಯೋ ಇರಲೇಬೇಕು.

ಯುರೋಪಿನಲ್ಲಿ ಆಗಿದ್ದೂ ಇದೇ. 2024ರಲ್ಲಿ ಯುರೋಪ್ ಒಕ್ಕೂಟದ ಹೊಸ ಕಾರುಗಳಲ್ಲಿ ಹೈಬ್ರಿಡ್ ಪಾಲು ಸುಮಾರು 31%, ಪೂರ್ತಿ ಇವಿ 14%ಕ್ಕಿಂತ ಕಡಿಮೆ. ಅದೇ ವರ್ಷ ನಾರ್ವೆಯಲ್ಲಿ ಮಾತ್ರ ಹತ್ತರಲ್ಲಿ ಒಂಬತ್ತು ಹೊಸ ಕಾರು ಇವಿ. ತೆರಿಗೆ ಹೇಗೆ ಹಾಕಿದರೋ ಜನ ಹಾಗೆ ತಿರುಗಿದರು.

ಹೊರಗಿನ ಕರೆಂಟಿಗೆ ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್ ಬರಲಿ ಅನ್ನುವವರಿಗೆ ಒಂದು ಮಾತು. ರಸ್ತೆ ಮೇಲೆ ಅವು ಬಿಡುವ ಹೊಗೆ ಪರೀಕ್ಷೆಯ ಅಂಕಿಗಿಂತ ಮೂರೂವರೆ ಪಟ್ಟು ಅಂತ ಯುರೋಪಿಯನ್ ಕಮಿಷನ್ನೇ 2024ರಲ್ಲಿ ಹೇಳಿತು. ಯಾಕೆ ಅಂದರೆ ಜನ ಪ್ಲಗ್ ಹಾಕುವುದೇ ಇಲ್ಲ!

ತುಂಗಾತೀರ

ಎಲ್ಲರಿಗೂ ಧನ್ಯವಾದ. ಟೆಸ್ಟ್ ಡ್ರೈವ್ ಮುಗಿಸಿ ಬಂದೆ. ಟ್ರಾಫಿಕ್‌ನಲ್ಲಿ ಓಡಿಸಿದ ಮೇಲೆ ಆರೂ ಮುಕ್ಕಾಲು ವರ್ಷದ ಲೆಕ್ಕ ಅಷ್ಟು ಚುಚ್ಚಲಿಲ್ಲ. ನನಗೆ ಚುಚ್ಚಿದ್ದು ಡಿಕ್ಕಿ. ಬ್ಯಾಟರಿ ಅಲ್ಲೇ ಕೂತು ಜಾಗ ನುಂಗಿದೆ. ಊರಿಂದ ಅಕ್ಕಿ ಮೂಟೆ, ಎರಡು ಹಲಸಿನಹಣ್ಣು, ಅಮ್ಮ ಕಟ್ಟಿಕೊಡುವ ಉಪ್ಪಿನಕಾಯಿ ಡಬ್ಬ ಎಲ್ಲಿ ಇಡೋದು? ಮೇಲೆ ಕ್ಯಾರಿಯರ್ ಹಾಕಿಸಿದರೆ ಮೈಲೇಜ್ ಹೋಗುತ್ತದಾ?

ಇನ್ನೊಂದು. ಅದೇ ದುಡ್ಡಿಗಿಂತ ಕಡಿಮೆಗೆ ಮೂರು ವರ್ಷ ಹಳೇ ಹೈಬ್ರಿಡ್ ಒಂದು ಸಿಗುತ್ತಿದೆ. ನೋಡಬಹುದಾ?

ಏರ್‌ಪೋರ್ಟ್_ಡ್ಯೂಟಿ

ಕ್ಯಾರಿಯರ್ ಹಾಕಿದರೆ ಹೈವೇನಲ್ಲಿ ಹೋಗೇ ಹೋಗುತ್ತೆ. ಬೇಕಾದಾಗ ಮಾತ್ರ ಹಾಕಿ, ಬಂದ ಮೇಲೆ ತೆಗೆದಿಡಿ. ಹಿಂದಿನ ಸೀಟು ಮಡಚಿದರೆ ಮೂಟೆ ಹಿಡಿಸುತ್ತೆ.

ಹಳೇ ಗಾಡಿ ನೋಡಬಹುದು. ಟೊಯೋಟಾದವರು ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡ್ತಾರೆ, ಯಾವುದು ಮೊದಲೋ ಅದು. ಮೂರು ವರ್ಷದ ಗಾಡಿಗೆ ಐದು ವರ್ಷ ಬಾಕಿ, ಆದರೆ ಕಿ.ಮೀ. ಜಾಸ್ತಿ ಓಡಿದ್ದರೆ ಅದು ಮೊದಲೇ ಮುಗಿಯುತ್ತೆ. ಹೊಸ ಓನರ್ ಹೆಸರಿಗೆ ಬರುತ್ತಾ ಅಂತ ಚಾಸಿಸ್ ನಂಬರ್ ಕೊಟ್ಟು ಕೇಳಿ. ಸರ್ವಿಸ್ ಹಿಸ್ಟರಿ ತೆಗೆಸಿ, ಹೈಬ್ರಿಡ್ ಬ್ಯಾಟರಿ ಚೆಕ್ ಮಾಡಿಸಿದ ರಿಪೋರ್ಟ್ ಕೇಳಿ. ಬ್ಯಾಟರಿ ತಣ್ಣಗಿಡುವ ಫ್ಯಾನಿನ ಜಾಲರಿಯಲ್ಲಿ ಧೂಳು, ನಾಯಿ ಕೂದಲು ಕಟ್ಟಿದೆಯಾ ನೋಡಿ. ಅದು ಕಟ್ಟಿದರೆ ಬ್ಯಾಟರಿ ಬಿಸಿಯಾಗಿ ಆಯಸ್ಸು ಕಡಿಮೆ ಆಗುತ್ತೆ. ಕಾರ್ಪೆಟ್ ಎತ್ತಿ ಮಣ್ಣಿನ ಕಲೆ ಇದೆಯಾ ನೋಡೋದು ಮರೆಯಬೇಡಿ, ಬೆಂಗಳೂರು ಗಾಡಿ ಅಂದರೆ ನೀರಲ್ಲಿ ನಿಂತಿರೋ ಚಾನ್ಸ್ ಇದ್ದೇ ಇದೆ. ಟೆಸ್ಟ್ ಡ್ರೈವ್‌ಗೆ ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ಹೋಗಿ. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ವಾಪಸ್ ಬನ್ನಿ.